ಮುಚ್ಚಿದ ಪೆಟ್ಟಿಗೆಯೊಳಗೆ ಬೋರ್ಡ್ ಬೇಯುತ್ತಿದೆ: ಫ್ಯಾನ್ ಹಾಕಲೇ, ಪೆಟ್ಟಿಗೆ ಬದಲಿಸಲೇ?

ಗೋಡೆಪೆಟ್ಟಿಗೆ | ಶನಿವಾರ, ಸಂಜೆ 5:10

ಎಲ್ಲರಿಗೂ ನಮಸ್ಕಾರ. ಹೊರಗೋಡೆಯ ಮೇಲೆ ಐಪಿ65 ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಕೂರಿಸಿದ್ದೇನೆ. ಅಳತೆ 300 × 300 × 200 ಮಿ.ಮೀ., ಬಣ್ಣ ಗಾಢ ಬೂದು. ಒಳಗೆ ಮನೆಯ ಕರೆಂಟನ್ನು 24 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್, ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ರೌಟರ್, ನಾಲ್ಕು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು) ಇವೆ. ಪಂಪು ಮತ್ತು ತೊಟ್ಟಿಯ ನೀರಿನ ಮಟ್ಟ ನೋಡಿಕೊಳ್ಳುವುದು ಇದರ ಕೆಲಸ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಬೋರ್ಡ್ ತಾನಾಗಿಯೇ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಇದೇ ಆಟ. ನಿನ್ನೆ ಮುಚ್ಚಳ ತೆಗೆದಾಗ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಪೆಟ್ಟಿಗೆಯಲ್ಲಿ 80 ಮಿ.ಮೀ. ಫ್ಯಾನ್ ಕೂರಿಸಬೇಕೆಂದುಕೊಂಡಿದ್ದೇನೆ. ಗೆಳೆಯನೊಬ್ಬ ಪೆಲ್ಟಿಯರ್ (ಕರೆಂಟ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆ) ಹಾಕು, ಫ್ರಿಜ್ಜಿನಂತೆ ತಣ್ಣಗಿರುತ್ತದೆ ಎನ್ನುತ್ತಾನೆ. ಯಾವುದು ಸರಿ?

ದಾರಿಹೋಕ | 5:18

ಫ್ಯಾನ್ ಹಾಕಿ, ಮುಗಿಯಿತು.

ಮೂರನೇ ಪಿನ್ | 5:31

ಮುಗಿಯುವುದು ಸಮಸ್ಯೆಯಲ್ಲ, ಬೋರ್ಡ್. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಲು ಹೊರಟಂತಿದೆ. ಐಪಿ65 ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಮೊದಲ ಅಂಕಿ 6, ಅಂದರೆ ಧೂಳು ಒಳಗೆ ಸುಳಿಯುವಂತಿಲ್ಲ. ಎರಡನೆಯ ಅಂಕಿ 5, ಅಂದರೆ ಕೊಳವೆಯಿಂದ ಚಿಮ್ಮಿಸಿದ ನೀರನ್ನೂ ತಡೆಯಬೇಕು. ಬರಿಯ ಫ್ಯಾನಿಗೆಂದು ತೂತು ಕೊರೆದ ಗಳಿಗೆಯಿಂದ ಆ ಎರಡೂ ಅಂಕಿ ಸುಳ್ಳು. ಜಾಲರಿ, ಫಿಲ್ಟರ್, ಮಳೆಹನಿ ತಡೆಯುವ ಮುಸುಕು ಎಲ್ಲವೂ ಇರುವ ಫಿಲ್ಟರ್ ಫ್ಯಾನ್ ಬೇರೆಯೇ ಸಿಗುತ್ತದೆ. ಅದರಲ್ಲೂ ಸಾಮಾನ್ಯವಾದವು ಐಪಿ54ರ ಮಟ್ಟದವು. ಜೊತೆಗೆ ಫಿಲ್ಟರನ್ನು ಆಗಾಗ ತೊಳೆಯುವವರು ಬೇಕು. ತೊಳೆಯುತ್ತೀರಾ?

ದಾರಿಹೋಕ | 5:33

ನನ್ನದರಲ್ಲಿ ಫಿಲ್ಟರೇ ಇಲ್ಲ, ಮೂರು ವರ್ಷದಿಂದ ಓಡುತ್ತಿದೆ.

ಮೂರನೇ ಪಿನ್ | 5:35

ಮನೆಯ ಒಳಗೋ ಹೊರಗೋ?

ದಾರಿಹೋಕ | 5:41

ಒಳಗೆ.

ಬೆಸುಗೆ ಕಡ್ಡಿ | 6:02

ಫ್ಯಾನೋ ಪೆಲ್ಟಿಯರೋ ಎಂದು ಜಗಳವಾಡುವ ಮೊದಲು ಒಂದು ಅಂಕಿ ಬೇಕು. ಒಳಗೆ ಎಷ್ಟು ವ್ಯಾಟ್ ಶಾಖ ಹುಟ್ಟುತ್ತಿದೆ? ಎಸ್‌ಎಂಪಿಎಸ್ ಮೇಲೆ ಬರೆದಿರುವುದನ್ನು ಹೇಳಬೇಡಿ, ಅದು ಗರಿಷ್ಠ ಕೊಡಬಲ್ಲದ್ದರ ಲೆಕ್ಕ. ಪೆಟ್ಟಿಗೆಗೆ ಬರುವ ಮುಖ್ಯ ತಂತಿಯಲ್ಲಿ ವ್ಯಾಟ್ ಮೀಟರ್ ಇಟ್ಟು ನೋಡಿ. ಒಳಗೆ ಹೋದ ವಿದ್ಯುತ್ತು ಹೊರಗಿನ ಇನ್ನೊಂದು ಸಾಧನಕ್ಕೆ ಹೋಗದಿದ್ದರೆ, ಹೆಚ್ಚುಕಡಿಮೆ ಪೂರ್ತಿ ಶಾಖವೇ ಆಗುತ್ತದೆ.

ಹಾಗೆಯೇ ಮಧ್ಯಾಹ್ನ ಒಳಗೆ ಎಷ್ಟು ಡಿಗ್ರಿ, ಹೊರಗೆ ನೆರಳಿನಲ್ಲಿ ಎಷ್ಟು ಡಿಗ್ರಿ ಎಂಬುದನ್ನೂ ಬರೆಯಿರಿ. ಮುಚ್ಚಳ ತೆಗೆದು ಅಳೆಯಬೇಡಿ. ಸೆನ್ಸರನ್ನು ಒಳಗೇ ಬಿಟ್ಟು ತಂತಿ ಹೊರಗೆ ತನ್ನಿ.

ಗೋಡೆಪೆಟ್ಟಿಗೆ | ಭಾನುವಾರ, ಮಧ್ಯಾಹ್ನ 3:05

ಅಳೆದೆ. ಮೀಟರ್ 40 ವ್ಯಾಟ್ ತೋರಿಸುತ್ತಿದೆ. ಪಂಪಿಗೆ ಕರೆಂಟ್ ಬೇರೆ ದಾರಿಯಿಂದ ಹೋಗುತ್ತದೆ, ಇದರಲ್ಲಿ ಸೇರಿಲ್ಲ. ಎರಡೂವರೆಗೆ ಹೊರಗೆ ನೆರಳಿನಲ್ಲಿ 36 ಡಿಗ್ರಿ, ಪೆಟ್ಟಿಗೆಯೊಳಗೆ 79. ಬಿಸಿ ಎಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ.

ಬೆಸುಗೆ ಕಡ್ಡಿ | 3:40

ಈಗ ಮಾತಾಡಬಹುದು. ಪೆಟ್ಟಿಗೆಯ ಹಿಂಬದಿ ಗೋಡೆಗೆ ಅಂಟಿದೆ, ಅದನ್ನು ಬಿಡೋಣ. ಮುಂದಿನ ಮುಖ 0.09 ಚದರ ಮೀಟರ್, ನಾಲ್ಕು ಪಕ್ಕ ಸೇರಿ 0.24. ಒಟ್ಟು 0.33. ಒಳಹೊರಗಿನ ವ್ಯತ್ಯಾಸ ಒಂದು ಡಿಗ್ರಿ ಇದ್ದಾಗ, ಬಣ್ಣ ಬಳಿದ ಉಕ್ಕಿನ ತಗಡು ಪ್ರತಿ ಚದರ ಮೀಟರಿಗೆ ಸುಮಾರು 5.5 ವ್ಯಾಟ್ ದಾಟಿಸುತ್ತದೆ ಎಂಬುದು ಪ್ಯಾನೆಲ್ ಕೆಲಸದವರ ರೂಢಿಯ ಲೆಕ್ಕ. ಪ್ಲಾಸ್ಟಿಕ್ಕಿಗೆ 3.5 ಹಿಡಿಯುತ್ತಾರೆ.

40 ÷ (3.5 × 0.33) = ಸುಮಾರು 35 ಡಿಗ್ರಿ. 36ಕ್ಕೆ 35 ಸೇರಿಸಿದರೆ 71. ನೀವು ಕಂಡದ್ದು 79. ಉಳಿದ ಎಂಟು ಡಿಗ್ರಿ ಎಲ್ಲಿಂದ ಬಂತೆಂದು ಆಕಾಶ ನೋಡಿದರೆ ಗೊತ್ತಾಗುತ್ತದೆ.

ಫ್ಯೂಸ್ ಹಾರಿತು | 3:52

ಬಿಸಿಲೇ! ನೆತ್ತಿಯ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಗಾಢ ಬಣ್ಣ ಅದರಲ್ಲಿ ಶೇ. 90ರಷ್ಟನ್ನು ಕುಡಿಯುತ್ತದೆ. ಮುಂದಿನ ಮುಖಕ್ಕೆ ನೇರ ಬಿಸಿಲು ಬಿದ್ದರೆ 0.09 × 900, ಅಂದರೆ 80 ವ್ಯಾಟ್! ನಿಮ್ಮ ಯಂತ್ರಗಳ ಎರಡರಷ್ಟು ಶಾಖವನ್ನು ಸೂರ್ಯ ಬಿಟ್ಟಿಯಾಗಿ ಕೊಡುತ್ತಿದ್ದಾನೆ.

ಬೆಸುಗೆ ಕಡ್ಡಿ | 4:01

ಆ 80 ಪೂರ್ತಿ ಒಳಗೆ ಬರುವುದಿಲ್ಲ, ಬಂದಿದ್ದರೆ ಪೆಟ್ಟಿಗೆ ನೂರು ಡಿಗ್ರಿ ದಾಟಿರುತ್ತಿತ್ತು. ಬಿಸಿಲು ಓರೆಯಾಗಿ ಬೀಳುತ್ತದೆ. ಹೊರಮೈಗೆ ಬಿದ್ದ ಶಾಖದ ಬಹುಪಾಲನ್ನು ಹೊರಗಿನ ಗಾಳಿಯೇ ಒಯ್ಯುತ್ತದೆ. ಆದರೂ ಹೊರಮೈ ಕಾದಷ್ಟೂ ಒಳಗಿನ ಶಾಖಕ್ಕೆ ಹೊರಬರಲು ದಾರಿ ಕಿರಿದಾಗುತ್ತದೆ. ಮಾತಿನ ತಿರುಳು ನಿಮ್ಮದೇ ಸರಿ, ಅಂಕಿ ಮಾತ್ರ ಉಬ್ಬಿದೆ.

ಶೂನ್ಯ ಓಮ್ | 4:15

ಕಪ್ಪು ಬಣ್ಣ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆಯಲ್ಲವೇ? ಶಾಖ ಹೊರಹಾಕಲು ಬಿಗಿಯುವ ಲೋಹದ ಹೀಟ್‌ಸಿಂಕುಗಳೆಲ್ಲ ಕಪ್ಪಗಿರುವುದು ಅದಕ್ಕೇ. ಗಾಢ ಬಣ್ಣವೇ ಒಳ್ಳೆಯದು.

ಫ್ಯೂಸ್ ಹಾರಿತು | 4:19

ಬಿಸಿಲಿನಲ್ಲಿ ಕಪ್ಪು ಛತ್ರಿ, ಬಿಳಿ ಛತ್ರಿ ಎರಡನ್ನೂ ಒಮ್ಮೆ ಹಿಡಿದು ನೋಡಿ ಸ್ವಾಮಿ.

ಹಳೆಯ ರಿಲೇ | 4:44

ಇಬ್ಬರೂ ಬೇರೆ ಬೇರೆ ಸಂಗತಿ ಹೇಳುತ್ತಿದ್ದೀರಿ. ಎಪ್ಪತ್ತು ಎಂಬತ್ತು ಡಿಗ್ರಿಯ ವಸ್ತು ಹೊರಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಆ ಕಿರಣಕ್ಕೆ ಬಿಳಿ ಬಣ್ಣವೂ ಒಂದೇ, ಕಪ್ಪೂ ಒಂದೇ. ಮಾಮೂಲಿ ಬಣ್ಣಗಳೆಲ್ಲ ಶೇ. 90ರ ಸುತ್ತಮುತ್ತ ಸೂಸುತ್ತವೆ. ಸೂಸಲು ಜಿಪುಣತನ ಮಾಡುವುದು ಬಣ್ಣವಿಲ್ಲದ ಹೊಳೆಯುವ ಲೋಹ. ಹೀಟ್‌ಸಿಂಕಿಗೆ ಆನೋಡೈಸ್ ಮಾಡುವುದರಿಂದ (ಮೈಮೇಲೆ ಆಕ್ಸೈಡ್ ಪದರ ಬೆಳೆಸುವುದರಿಂದ) ಲಾಭವಿದೆ, ಅದು ಕಪ್ಪಗಿರುವುದರಿಂದಲ್ಲ. ಆದರೆ ಹೀರುವಾಗ ಕಥೆ ಬೇರೆ. ಬಿಸಿಲಿನ ಹೆಚ್ಚಿನ ಭಾಗ ಕಾಣುವ ಬೆಳಕು ಮತ್ತು ಅದರ ಪಕ್ಕದ ಕಿರಣ. ಅಲ್ಲಿ ಬಿಳಿ ಬಣ್ಣ ಕಾಲುಭಾಗದಷ್ಟು ಹೀರಿದರೆ ಗಾಢ ಬಣ್ಣ ಹತ್ತರಲ್ಲಿ ಒಂಬತ್ತು ಪಾಲು ಹೀರುತ್ತದೆ. ಆದ್ದರಿಂದ ಮನೆಯೊಳಗಾದರೆ ಯಾವ ಬಣ್ಣವಾದರೂ ನಡೆಯುತ್ತದೆ, ಬಿಸಿಲಿಗೆ ಬಿಳಿಯೇ ಸರಿ.

ಶೂನ್ಯ ಓಮ್ | 4:50

ಒಪ್ಪಿದೆ. ಇಷ್ಟು ದಿನ ತಪ್ಪು ತಿಳಿದಿದ್ದೆ.

ಹಾಗಾದರೆ ಪ್ಲಾಸ್ಟಿಕ್ ಬಿಟ್ಟು ಅಲ್ಯೂಮಿನಿಯಂ ಪೆಟ್ಟಿಗೆಯನ್ನೇ ತಂದರೆ? ಎಬಿಎಸ್ ಪ್ಲಾಸ್ಟಿಕ್ಕಿನ ಶಾಖವಾಹಕತೆ 0.2ರ ಸುಮಾರು, ಅಲ್ಯೂಮಿನಿಯಂನದು 200ರ ಸುಮಾರು. ಸಾವಿರ ಪಟ್ಟು!

ಬೆಸುಗೆ ಕಡ್ಡಿ | 5:08

ಸಾವಿರ ಪಟ್ಟು ತಂಪಾಗುವುದಿಲ್ಲ. ಶಾಖ ಮೂರು ಬಾಗಿಲು ದಾಟಬೇಕು. ಒಳಗಿನ ಗಾಳಿಯಿಂದ ಗೋಡೆಗೆ ಬರುವುದು ಒಂದು, ಗೋಡೆಯ ದಪ್ಪವನ್ನು ದಾಟುವುದು ಇನ್ನೊಂದು, ಗೋಡೆಯಿಂದ ಹೊರಗಿನ ಗಾಳಿಗೆ ಸೇರುವುದು ಮತ್ತೊಂದು. ಇಕ್ಕಟ್ಟಿರುವುದು ಮೊದಲ ಮತ್ತು ಕೊನೆಯ ಬಾಗಿಲಿನಲ್ಲಿ. ನಡುವಿನದನ್ನು ಹೆಬ್ಬಾಗಿಲು ಮಾಡಿದರೂ ಸಾಲು ಬೇಗ ಕರಗುವುದಿಲ್ಲ. ಒಳಗಿನ ಗಾಳಿಯಲ್ಲೇ ಶಾಖ ಬಿಟ್ಟರೆ ಲೋಹದ ಪೆಟ್ಟಿಗೆಯಿಂದ ಸಿಗುವುದು ಒಂದಿಷ್ಟು ಲಾಭ, ಅಷ್ಟೇ.

ಲೋಹದ ನಿಜವಾದ ಆಟ ಬೇರೆ. ಬಿಸಿಯಾಗುವ ಭಾಗವನ್ನು ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆಯ ಹಾಳೆ) ಇಟ್ಟು ನೇರವಾಗಿ ಪೆಟ್ಟಿಗೆಯ ಗೋಡೆಗೇ ಬಿಗಿದರೆ ಮೊದಲ ಬಾಗಿಲೇ ಇಲ್ಲವಾಗುತ್ತದೆ. ಫ್ಯಾನಿಲ್ಲದ ಕೈಗಾರಿಕಾ ಕಂಪ್ಯೂಟರುಗಳ ಮೈಯೇ ಹೀಟ್‌ಸಿಂಕ್ ಆಗಿರುವುದನ್ನು ನೋಡಿರುತ್ತೀರಿ.

ತಾಮ್ರದ ತಂತಿ | 5:20

ಲೋಹದ ಪೆಟ್ಟಿಗೆ ತರುವ ಮೊದಲು ಒಳಗೆ ರೌಟರ್ ಇದೆ ಎಂಬುದನ್ನು ಮರೆಯಬೇಡಿ. ನಾನು ಒಮ್ಮೆ ಉಕ್ಕಿನ ಪೆಟ್ಟಿಗೆಯೊಳಗೆ ರೌಟರ್ ಇಟ್ಟು, ಮುಚ್ಚಳ ತೆರೆದಿಟ್ಟುಕೊಂಡೇ ಎಲ್ಲ ಪರೀಕ್ಷೆ ಮುಗಿಸಿ, ಏಣಿಯಿಂದ ಇಳಿಯುವ ಮೊದಲು ಮುಚ್ಚಳ ಬಿಗಿದೆ. ಕೆಳಗೆ ಬಂದು ಮೊಬೈಲ್ ನೋಡಿದರೆ ಸಿಗ್ನಲ್ ಮಾಯ. ಮತ್ತೆ ಹತ್ತಿದೆ, ತೆರೆದೆ, ಬಂತು. ಮುಚ್ಚಿದೆ, ಹೋಯಿತು. ಮೂರನೆಯ ಸಲ ಏಣಿ ಹತ್ತುವಾಗ ಬುದ್ಧಿ ಬಂತು. ಆ್ಯಂಟೆನಾವನ್ನು ಹೊರಗೆ ತರಬೇಕು, ಇಲ್ಲವೇ ಪ್ಲಾಸ್ಟಿಕ್ಕೇ ಗತಿ.

ಸದ್ದಿಲ್ಲದ ಫ್ಯಾನ್ | 5:58

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ನನ್ನದು ಮನೆಯೊಳಗಿನ ಮರದ ಕಪಾಟು. ಹಾರ್ಡ್ ಡಿಸ್ಕ್ ಪೆಟ್ಟಿಗೆ, ಆ್ಯಂಪ್ಲಿಫೈಯರ್ ಎಲ್ಲ ಸೇರಿ 60 ವ್ಯಾಟ್. ಯಾವ ಫ್ಯಾನ್ ಬೇಕು? ರಾತ್ರಿ ಸದ್ದಾಗಬಾರದು.

ಬೆಸುಗೆ ಕಡ್ಡಿ | 6:20

ಗಾಳಿ ಹಾಯಿಸಬಹುದಾದ ಕಡೆ ಲೆಕ್ಕ ಸುಲಭ. ವ್ಯಾಟನ್ನು 3.1ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪುತ್ತೀರೋ ಅದರಿಂದ ಭಾಗಿಸಿ. ಬರುವುದು ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕೆಂಬ ಉತ್ತರ. 60 ವ್ಯಾಟ್, 10 ಡಿಗ್ರಿ ಎಂದರೆ ಸುಮಾರು 19. ಸಾಧಾರಣ 80 ಮಿ.ಮೀ. ಫ್ಯಾನಿನ ಮೇಲೆ 50 ಎಂದು ಬರೆದಿರಬಹುದು, ಅದು ಎದುರಿಗೆ ಅಡ್ಡಿಯೇ ಇಲ್ಲದಾಗಿನ ಮಾತು. ಜಾಲರಿ, ಫಿಲ್ಟರ್, ತಂತಿಗಳ ಗೊಂಚಲು ಅಡ್ಡ ಬಂದರೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಈ ಲೆಕ್ಕ ಸಮುದ್ರಮಟ್ಟದ್ದು. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಾಲುಭಾಗದಷ್ಟು ಕಡಿಮೆ, ಅಲ್ಲಿ ಗಾಳಿಯನ್ನು ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಿಸಬೇಕು.

ಸದ್ದಿನ ವಿಷಯಕ್ಕೆ ಬಂದರೆ, ಸಣ್ಣ ಫ್ಯಾನನ್ನು ಜೋರಾಗಿ ತಿರುಗಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ತಿರುಗಿಸಿ. ಅದೇ ಫ್ಯಾನಿನ ವೇಗವನ್ನು ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ, ಗಾಳಿ ಅರ್ಧವಾಗುತ್ತದೆ. 120 ಮಿ.ಮೀ. ತನ್ನಿ.

ಮೂರನೇ ಪಿನ್ | 6:31

ಒಳಬರುವ ತೂತು ಕೆಳಗೆ ಒಂದು ಬದಿ, ಹೊರಹೋಗುವುದು ಮೇಲೆ ಇನ್ನೊಂದು ಬದಿ ಇರಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಟುಹೋಗುತ್ತದೆ, ಬಿಸಿಯಾದ ಮೂಲೆ ಬಿಸಿಯಾಗಿಯೇ ಇರುತ್ತದೆ. ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವಂತಿದ್ದರೆ ಇನ್ನೂ ಲೇಸು. ಫ್ಯಾನ್ ತಣ್ಣನೆಯ ಗಾಳಿಯಲ್ಲಿ ಇರುತ್ತದೆ, ಒಳಗಿನ ಒತ್ತಡ ತುಸು ಹೆಚ್ಚಿರುವುದರಿಂದ ಸಂದುಗಳಲ್ಲಿ ಧೂಳು ನುಗ್ಗುವುದಿಲ್ಲ.

ಸದ್ದಿಲ್ಲದ ಫ್ಯಾನ್ | 6:34

ಧನ್ಯವಾದ. ಮೂಲ ವಿಷಯಕ್ಕೆ ಮರಳಿ ಎಂದು ಯಾರೂ ಬೈಯುವ ಮೊದಲು ನಾನೇ ಹೊರಡುತ್ತೇನೆ.

ಹಳೆಯ ರಿಲೇ | 7:15

ಗೋಡೆಪೆಟ್ಟಿಗೆಯವರೇ, ಒಂದು ಪ್ರಶ್ನೆ. ಪುಟ್ಟ ಬೋರ್ಡ್, ರೌಟರ್, ನಾಲ್ಕು ರಿಲೇ. ಇಷ್ಟಕ್ಕೆ 40 ವ್ಯಾಟ್ ಏಕೆ? ನನಗೆ ಇದು ಶುರುವಿನಿಂದಲೂ ಕಣ್ಣಿಗೆ ಚುಚ್ಚುತ್ತಿದೆ. 24 ವೋಲ್ಟಿನಿಂದ 5 ವೋಲ್ಟಿಗೆ ಹೇಗೆ ಇಳಿಸಿದ್ದೀರಿ?

ಗೋಡೆಪೆಟ್ಟಿಗೆ | 7:40

5 ವೋಲ್ಟ್ ಕೊಡುವ ರೆಗ್ಯುಲೇಟರ್ ಚಿಪ್ 7805 ಎರಡು ಹಾಕಿದ್ದೇನೆ. ಒಂದು ಬೋರ್ಡಿಗೆ, ಒಂದು ಸೆನ್ಸರುಗಳಿಗೆ. ಒಂದೊಂದರಿಂದಲೂ ಅರ್ಧ ಆಂಪಿಯರ್ ಹರಿಯುತ್ತದೆ. ಆದರೆ ಅವಕ್ಕೆ ತೊಂದರೆಯಿಲ್ಲ, ದೊಡ್ಡ ಹೀಟ್‌ಸಿಂಕ್ ಕೊಟ್ಟಿದ್ದೇನೆ.

ಹಳೆಯ ರಿಲೇ | 8:05

ಕಳ್ಳ ಮನೆಯೊಳಗೇ ಇದ್ದಾನೆ.

7805 ವೋಲ್ಟೇಜನ್ನು ಇಳಿಸುವುದೆಂದರೆ ಹೆಚ್ಚಿನದನ್ನು ಸುಟ್ಟುಹಾಕುವುದು. 24ರಲ್ಲಿ 5 ಬಳಕೆಗೆ, ಉಳಿದ 19 ವೋಲ್ಟ್ ಬೂದಿ. ಎರಡೂ ಸೇರಿ ಒಂದು ಆಂಪಿಯರ್ ಎಂದರೆ 19 ವ್ಯಾಟ್. ನಿಮ್ಮ 40ರಲ್ಲಿ ಅರ್ಧದಷ್ಟು ಶಾಖ ಯಾವ ಕೆಲಸವನ್ನೂ ಮಾಡದೆ ಹುಟ್ಟುತ್ತಿದೆ. ಹೀಟ್‌ಸಿಂಕ್ ಆ ಶಾಖವನ್ನು ಚಿಪ್ಪಿನಿಂದ ಪೆಟ್ಟಿಗೆಯ ಗಾಳಿಗೆ ವರ್ಗಾಯಿಸಿತು, ಸರಿ. ಪೆಟ್ಟಿಗೆಯಿಂದ ಹೊರಗೆ ಹಾಕುವವರು ಯಾರು? ಮನೆ ಗುಡಿಸಿ ಕಸವನ್ನು ಮಂಚದ ಕೆಳಗೆ ತಳ್ಳಿದ ಹಾಗಾಯಿತು.

ಇನ್ನೊಂದು ಲೆಕ್ಕ ನೋಡಿ. ಒಂದೊಂದು ಚಿಪ್ಪಿನಲ್ಲಿ 9.5 ವ್ಯಾಟ್. ಒಳಗಿನ ಸಿಲಿಕಾನಿನಿಂದ ಹೊರಮೈಗೆ ವ್ಯಾಟಿಗೆ ಸುಮಾರು 5 ಡಿಗ್ರಿ, ಒಳ್ಳೆಯ ಹೀಟ್‌ಸಿಂಕಿಗೆ 3 ಎಂದುಕೊಳ್ಳೋಣ. 9.5 × 8 = 76. ಪೆಟ್ಟಿಗೆಯ ಗಾಳಿ 79 ಇದ್ದರೆ ಸಿಲಿಕಾನ್ 155 ಡಿಗ್ರಿ. 7805ಕ್ಕೆ ತನ್ನನ್ನು ತಾನು ಉಳಿಸಿಕೊಳ್ಳುವ ವ್ಯವಸ್ಥೆಯಿದೆ, 150ರ ಆಸುಪಾಸಿನಲ್ಲಿ ತಾನೇ ಆಫ್ ಆಗುತ್ತದೆ. ತಣಿದ ಮೇಲೆ ಮತ್ತೆ ಆನ್. ಬೆಳಿಗ್ಗೆ ಹೊರಗೆ 25 ಡಿಗ್ರಿ ಇದ್ದಾಗ ಅದೇ ಸಿಲಿಕಾನ್ 136ರಲ್ಲಿ ಏದುಸಿರು ಬಿಡುತ್ತಾ ಓಡುತ್ತದೆ. ಮಧ್ಯಾಹ್ನ ಬೋರ್ಡ್ ಕೆಡುತ್ತಿಲ್ಲ, ಅದಕ್ಕೆ ಕರೆಂಟ್ ಕೊಡುವವನು ಮೂರ್ಛೆ ಹೋಗುತ್ತಿದ್ದಾನೆ.

ದಾರಿಹೋಕ | 8:09

ಹತ್ತು ನಿಮಿಷಕ್ಕೊಮ್ಮೆ ಆರಿ ಹೊತ್ತಿಕೊಳ್ಳುವುದಕ್ಕೆ ಇದೇ ಕಾರಣವೇ! ಭೇಷ್.

ಬೆಸುಗೆ ಕಡ್ಡಿ | 8:30

ನಾನು ಪೆಟ್ಟಿಗೆಯ ಲೆಕ್ಕದಲ್ಲೇ ಮುಳುಗಿದ್ದೆ. ಇದನ್ನು ಮೊದಲು ಕೇಳಬೇಕಿತ್ತು.

7805 ಕಿತ್ತು, ಹೆಚ್ಚಿನ ವೋಲ್ಟೇಜನ್ನು ಸುಡದೆ ಇಳಿಸುವ ಬಕ್ ಕನ್ವರ್ಟರ್ ಹಾಕಿ. ಶೇ. 88 ದಕ್ಷತೆಯದಾದರೂ 5 ವ್ಯಾಟ್ ಕೊಡಲು 5.7 ವ್ಯಾಟ್ ಸಾಕು, ಈಗ 24 ತಿನ್ನುತ್ತಿದೆ. ಹೊರೆ ಇಳಿದಂತೆ ಎಸ್‌ಎಂಪಿಎಸ್‌ನ ನಷ್ಟವೂ ಇಳಿಯುತ್ತದೆ. ಒಟ್ಟು 19-20 ವ್ಯಾಟಿಗೆ ಬಂದು ನಿಲ್ಲಬಹುದು. ಆಗ ಏರಿಕೆ ಸುಮಾರು 17 ಡಿಗ್ರಿ. ಬಿಸಿಲಿಗೆ ಮರೆ ಮಾಡಿದರೆ 36 ಡಿಗ್ರಿಯ ದಿನ ಒಳಗೆ 53. ಫ್ಯಾನೂ ಬೇಡ, ತೂತೂ ಬೇಡ.

ಫ್ಯೂಸ್ ಹಾರಿತು | 8:41

ಪೆಲ್ಟಿಯರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಗೆಳೆಯನಿಗೆ ಉತ್ತರ ಕೊಡಬೇಕಲ್ಲ?

ಮೂರನೇ ಪಿನ್ | 8:52

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಪೆಲ್ಟಿಯರ್ ಶಾಖವನ್ನು ನುಂಗುವುದಿಲ್ಲ, ಆಚೆ ಬದಿಗೆ ಸಾಗಿಸುತ್ತದೆ. 20 ವ್ಯಾಟ್ ಸಾಗಿಸಲು ತಾನೇ 30-40 ವ್ಯಾಟ್ ತಿನ್ನುವುದು ಮಾಮೂಲು. ಆಚೆ ಬದಿಯಲ್ಲಿ ಅಷ್ಟನ್ನೂ ಒಯ್ಯಲು ದೊಡ್ಡ ಹೀಟ್‌ಸಿಂಕ್, ಅದಕ್ಕೊಂದು ಫ್ಯಾನ್. ಆ ಫ್ಯಾನ್ ನಿಂತ ದಿನ ಪೆಲ್ಟಿಯರ್ ಪೆಟ್ಟಿಗೆಯನ್ನೇ ಕಾಯಿಸಲು ಶುರುಮಾಡುತ್ತದೆ. ತಣ್ಣನೆಯ ಬದಿಯಲ್ಲಿ ನೀರು ಬೆವರುವುದು ಬೇರೆ. ಹೊರಗಿನ ಗಾಳಿಗಿಂತಲೂ ಒಳಗೆ ತಂಪಾಗಿರಲೇಬೇಕೆಂಬ ಸೂಕ್ಷ್ಮ ಉಪಕರಣಕ್ಕೆ ಅದು ಸರಿ. ರಿಲೇಗೆ ಬೇಡ.

ತಾಮ್ರದ ತಂತಿ | 9:10

ಬೆವರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನದು ಐಪಿ67 ಪೆಟ್ಟಿಗೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ನೀರು ಹೋಗಬಾರದಂಥದ್ದು. ಎಂಟು ತಿಂಗಳ ಮೇಲೆ ತೆರೆದರೆ ಮುಚ್ಚಳದ ಒಳಮೈಯಲ್ಲಿ ಹನಿಗಳು ಸಾಲಾಗಿ ಕೂತಿವೆ, ತಳದಲ್ಲಿ ಒಂದು ಬೆರಳು ನೀರು, ಒಂದು ಸ್ಕ್ರೂ ಪೂರ್ತಿ ತುಕ್ಕು. ಗ್ಯಾಸ್ಕೆಟ್ ಹೊಸದರಂತಿದೆ. ಮಳೆ ಒಳಗೆ ಹೋಗಿರಲೇ ಇಲ್ಲ. ಹಗಲು ಕಾದು ಗಾಳಿ ಹಿಗ್ಗಿ ಹೊರಗೆ, ಸಂಜೆ ತಣಿದು ಕುಗ್ಗಿ ಕೇಬಲ್ಲಿನ ಎಳೆಗಳ ನಡುವಿನಿಂದ ತೇವದ ಗಾಳಿ ಒಳಗೆ. ಪೆಟ್ಟಿಗೆ ಉಸಿರಾಡುತ್ತದೆ ಸ್ವಾಮಿ. ಒಳಗೆ ಬಂದ ತೇವ ರಾತ್ರಿ ನೀರಾಗುತ್ತದೆ, ಹೊರಗೆ ಹೋಗುವುದಿಲ್ಲ.

ಈಗ ಎಲ್ಲ ಪೆಟ್ಟಿಗೆಗೂ ಕೆಳಬದಿಯಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಪೊರೆಯಿರುವ ವೆಂಟ್ ಪ್ಲಗ್ ಹಾಕುತ್ತೇನೆ. ಕೇಬಲ್ ಒಳಹೋಗುವ ಕಡೆ ಬಿಗಿಯುವ ಗ್ಲ್ಯಾಂಡುಗಳೂ ಕೆಳಗೇ. ಕೇಬಲನ್ನು ಗ್ಲ್ಯಾಂಡಿಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿದರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಶೂನ್ಯ ಓಮ್ | 9:14

ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ?

ತಾಮ್ರದ ತಂತಿ | 9:17

ಹಾಕಿದ್ದೆ. ಅದೂ ಆ ನೀರಿನಲ್ಲೇ ತೇಲುತ್ತಿತ್ತು. ಹೀರುವಷ್ಟು ಹೀರಿ ಸುಮ್ಮನಾಗುತ್ತದೆ, ಒಣಗಿಸಿ ಬದಲಿಸುತ್ತಿರಬೇಕು.

ಸದ್ದಿಲ್ಲದ ಫ್ಯಾನ್ | 9:25

ಇರುವೆಗಳನ್ನೂ ಮರೆಯಬೇಡಿ. ಬಳಸದ ಗ್ಲ್ಯಾಂಡನ್ನು ತೆರೆದು ಬಿಟ್ಟಿದ್ದೆ, ರಿಲೇಯ ಸಂಪರ್ಕಗಳ ನಡುವೆ ಇರುವೆಗಳು ಸತ್ತು ಬಿದ್ದು ಮೋಟಾರ್ ಚಾಲೂ ಆಗುವುದೇ ನಿಂತಿತು.

ಹಳೆಯ ರಿಲೇ | 9:38

ಇನ್ನೂ ಒಂದಿದೆ. 79 ಡಿಗ್ರಿಯಲ್ಲಿ ಇಷ್ಟು ದಿನ ಬೆಂದ ಎಸ್‌ಎಂಪಿಎಸ್ ಕೆಪಾಸಿಟರುಗಳ ಆಯಸ್ಸು ಎಷ್ಟು ಉಳಿದಿದೆಯೋ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಪ್ರತಿ 10 ಡಿಗ್ರಿ ಇಳಿದಂತೆ ಸುಮಾರು ಎರಡರಷ್ಟು ಬಾಳುತ್ತದೆ. 85ರಲ್ಲಿ 8000 ಗಂಟೆ, ಅಂದರೆ ವರ್ಷಕ್ಕೂ ಕಡಿಮೆ. 55ರಲ್ಲಿ 64000 ಗಂಟೆ, ಏಳು ವರ್ಷ ದಾಟುತ್ತದೆ. ತಲೆ ಉಬ್ಬಿದೆಯೇ ಎಂದು ಒಮ್ಮೆ ನೋಡಿ.

ಗೋಡೆಪೆಟ್ಟಿಗೆ | 10:02

ನೋಡಿದೆ, ಉಬ್ಬಿಲ್ಲ. ಬಕ್ ಕನ್ವರ್ಟರ್ ಹಾಕುತ್ತೇನೆ. ಆದರೆ ಒಂದು ವಿಷಯ ಮುಚ್ಚಿಟ್ಟಿದ್ದೆ. ದಾರಿಹೋಕರ ಮಾತು ಕೇಳಿ ನಿನ್ನೆ ರಾತ್ರಿಯೇ ಮುಚ್ಚಳದಲ್ಲಿ 80 ಮಿ.ಮೀ. ತೂತು ಕೊರೆದುಬಿಟ್ಟಿದ್ದೇನೆ. ಮಧ್ಯಾಹ್ನ ಅಳೆಯುವಾಗ ಅದರ ಮೇಲೆ ಅಗಲದ ಟೇಪ್ ಅಂಟಿಸಿದ್ದೆ.

ದಾರಿಹೋಕ | 10:04

ನಾನು ಫ್ಯಾನ್ ಹಾಕಿ ಎಂದೆ, ಅಂದೇ ರಾತ್ರಿ ಕೊರೆಯಿರಿ ಎನ್ನಲಿಲ್ಲ.

ತಾಮ್ರದ ತಂತಿ | 10:06

ಬೋರ್ಡ್ ಒಳಗಿಟ್ಟುಕೊಂಡೇ ಕೊರೆದಿರಾ? ಲೋಹದ ಪೆಟ್ಟಿಗೆಗೆ ನಾನು ಹಾಗೆ ಮಾಡಿ, ಕೂದಲೆಳೆಯಷ್ಟು ಅಲ್ಯೂಮಿನಿಯಂ ಸಿಪ್ಪೆ ಎರಡು ಪಿನ್ನುಗಳ ನಡುವೆ ಬಿದ್ದು, ಕರೆಂಟ್ ಕೊಟ್ಟ ಕ್ಷಣವೇ ಹೊಗೆ ಕಂಡಿದ್ದೇನೆ.

ಗೋಡೆಪೆಟ್ಟಿಗೆ | 10:09

ಇಲ್ಲ, ಮುಚ್ಚಳ ಬಿಚ್ಚಿಕೊಂಡು ಕೊರೆದೆ. ಪ್ಲಾಸ್ಟಿಕ್ಕೇ ಅಲ್ಲವೇ. ಈಗ ಈ ತೂತನ್ನು ಏನು ಮಾಡಲಿ?

ಬೆಸುಗೆ ಕಡ್ಡಿ | 10:25

ಎಡವಿದ್ದೂ ಒಳ್ಳೆಯದಾಯಿತು ಎನ್ನಿ. 2 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ತೂತಿಗಿಂತ 20 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಸುತ್ತ ರಬ್ಬರ್ ಗ್ಯಾಸ್ಕೆಟ್ ಇಟ್ಟು, ನಾಲ್ಕು ಮೂಲೆಗೆ ಬೋಲ್ಟ್ ಬಿಗಿಯಿರಿ. ಬಕ್ ಕನ್ವರ್ಟರನ್ನು ಥರ್ಮಲ್ ಪ್ಯಾಡ್ ಮೇಲೆ ಆ ತಗಡಿನ ಒಳಬದಿಗೇ ಕೂರಿಸಿ. ಪ್ಯಾಡ್ ವಿದ್ಯುತ್ ಹರಿಯದಂಥದ್ದಿರಲಿ. ಮುಚ್ಚಳ ತೆರೆಯುವಾಗ ಎಳೆಯದಂತೆ ತಂತಿಯನ್ನು ಉದ್ದ ಬಿಡಿ. ಪೆಟ್ಟಿಗೆಯ ಮೇಲೆ ಮತ್ತು ಮುಂದೆ, ಎರಡು ಮೂರು ಬೆರಳಷ್ಟು ಸಂದು ಬಿಟ್ಟು, ಬಿಳಿ ಬಣ್ಣದ ತಗಡಿನ ಮರೆ ಕಟ್ಟಿ. ಸಂದಿನಲ್ಲಿ ಕೆಳಗಿನಿಂದ ಮೇಲಕ್ಕೆ ಗಾಳಿ ಆಡಬೇಕು, ಮೇಲ್ತುದಿಯನ್ನು ಮುಚ್ಚಬೇಡಿ.

ಗೋಡೆಪೆಟ್ಟಿಗೆ | ಮುಂದಿನ ಶನಿವಾರ, ಮಧ್ಯಾಹ್ನ 3:20

ಹೇಳಿದಂತೆ ಮಾಡಿದೆ. ಮೀಟರ್ ಈಗ 20 ವ್ಯಾಟ್ ತೋರಿಸುತ್ತಿದೆ. ಇವತ್ತೂ ಹೊರಗೆ 36 ಡಿಗ್ರಿಯೇ, ಒಳಗೆ 52. ನಾಲ್ಕು ದಿನದಿಂದ ಒಮ್ಮೆಯೂ ಆರಿಲ್ಲ. ತಗಡನ್ನು ಮುಟ್ಟಿದರೆ ಬೆಚ್ಚಗಿದೆ, ಅಷ್ಟೇ. ತಂದ ಫ್ಯಾನ್ ಮೇಜಿನ ಮೇಲೆ ಕೂತಿದೆ. ಸದ್ದಿಲ್ಲದ ಫ್ಯಾನ್ ಅವರಿಗೆ ಬೇಕಿದ್ದರೆ ಹೇಳಲಿ.

ಸದ್ದಿಲ್ಲದ ಫ್ಯಾನ್ | 3:26

80 ಮಿ.ಮೀ. ತಾನೇ? ಬೇಡ, ಸದ್ದು ಮಾಡುತ್ತದೆ.

ಹಳೆಯ ರಿಲೇ | 3:45

ಒಳ್ಳೆಯ ಕೆಲಸ. ಒಳಗೆ ಎಸ್‌ಎಂಪಿಎಸ್‌ಗೆ ಮನೆಯ ಕರೆಂಟ್ ಬರುತ್ತದೆ. ಆ ತಗಡು ಹೊರಗಿನಿಂದ ಕೈಗೆ ಸಿಗುತ್ತದೆ. ನೀವು ಮುಟ್ಟಿಯೂ ನೋಡಿದ್ದೀರಿ. ಅದಕ್ಕೆ ಅರ್ತ್ ಕೊಟ್ಟಿದ್ದೀರಾ?

ಗೋಡೆಪೆಟ್ಟಿಗೆ | 3:47

ಇಲ್ಲ. ಮುಖ್ಯ ಸ್ವಿಚ್ ಆಫ್ ಮಾಡಿ ಏಣಿ ತರುತ್ತಿದ್ದೇನೆ.